ಸ್ವಲ್ಪ ತೂಕ ಇಳಿಸಿಕೊಂಡ ಮೇಲೆ ವೈದ್ಯರ ಬಳಿಗೆ ಹೋಗಲೇ?

ಪ್ರಶ್ನೆ: ನನಗೆ 34 ವರ್ಷ. ಎತ್ತರ 156 ಸೆಂ.ಮೀ., ತೂಕ 84 ಕೆ.ಜಿ. ಮದುವೆಯಾದಾಗ 56 ಕೆ.ಜಿ. ಇದ್ದೆ, ಎರಡು ಹೆರಿಗೆಗಳ ನಂತರ ತೂಕ ಏರುತ್ತಲೇ ಹೋಯಿತು. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುತ್ತದೆ. ಕುತ್ತಿಗೆಯ ಹಿಂಭಾಗ ಕಪ್ಪಾಗಿದ್ದು, ಕಡಲೆಹಿಟ್ಟು, ನಿಂಬೆರಸ ಹಚ್ಚಿ ಉಜ್ಜಿದರೂ ಹೋಗುತ್ತಿಲ್ಲ. ಫೋಟೊ ತೆಗೆಯುವಾಗ ಹಿಂದಿನ ಸಾಲಿನಲ್ಲಿ ನಿಲ್ಲುತ್ತೇನೆ. ಹಿಂದೊಮ್ಮೆ ಕೆಮ್ಮಿಗೆಂದು ಹೋಗಿದ್ದಾಗ ವೈದ್ಯರೊಬ್ಬರು ಎಲ್ಲರೆದುರು ‘ಮೊದಲು ಬಾಯಿ ಕಟ್ಟಮ್ಮ’ ಎಂದರು. ಅಂದಿನಿಂದ ಆಸ್ಪತ್ರೆಯ ಮೆಟ್ಟಿಲು ಹತ್ತಲು ಮನಸ್ಸಿಲ್ಲ. ಮುಂದಿನ ವರ್ಷ ತಮ್ಮನ ಮದುವೆ. ನಾನೇ ಹತ್ತು ಕೆ.ಜಿ. ಇಳಿಸಿಕೊಂಡು ಆಮೇಲೆ ವೈದ್ಯರನ್ನು ಕಾಣೋಣ ಎಂದುಕೊಂಡಿದ್ದೇನೆ. ಚೆನ್ನಾಗಿ ಕಾಣಬೇಕೆಂಬ ಆಸೆಯಿಂದ ಚಿಕಿತ್ಸೆ ಕೇಳುವುದು ತಪ್ಪೇ?
— ಹೆಸರು ಬೇಡ, ದಾವಣಗೆರೆ

ಉತ್ತರ: ತಪ್ಪಲ್ಲ. ಚೆನ್ನಾಗಿ ಕಾಣಬೇಕು, ಹಳೆಯ ರವಿಕೆ ಮತ್ತೆ ಹಿಡಿಸಬೇಕು, ಮದುವೆ ಮನೆಯಲ್ಲಿ ಸಂಕೋಚವಿಲ್ಲದೆ ಓಡಾಡಬೇಕು ಎಂಬ ಆಸೆಗಳನ್ನು ಮುಚ್ಚಿಟ್ಟು, ವೈದ್ಯರ ಮುಂದೆ ‘ಮಂಡಿನೋವಿಗೆಂದು ಬಂದೆ’ ಎನ್ನಬೇಕಾಗಿಲ್ಲ. ನಿಮ್ಮನ್ನು ಚಿಕಿತ್ಸೆಯ ಕಡೆಗೆ ಕರೆತರುವ ಯಾವ ಕಾರಣವೂ ನನಗೆ ಗೌರವದ್ದೇ. ನನ್ನ ಆತಂಕವಿರುವುದು ನಿಮ್ಮ ಆಸೆಯ ಬಗ್ಗೆ ಅಲ್ಲ, ‘ಮೊದಲು ಇಳಿಸಿಕೊಂಡು ಆಮೇಲೆ ವೈದ್ಯರು’ ಎಂಬ ನಿಮ್ಮ ಕ್ರಮದ ಬಗ್ಗೆ.

ತನ್ನ ದೇಹದ ಬಗೆಗಿನ ಬೇಸರ ಒಂದೇ ಹೊತ್ತಿಗೆ ಎರಡು ಕೆಲಸ ಮಾಡುತ್ತದೆ. ಏನಾದರೂ ಮಾಡಲೇಬೇಕು ಎಂಬ ನಿರ್ಧಾರವನ್ನು ಅದೇ ಹುಟ್ಟಿಸುತ್ತದೆ; ಯಾರ ಕಣ್ಣಿಗೂ ಬೀಳದೆ ಮಾಡಬೇಕು ಎಂಬ ಹಟವನ್ನೂ ಅದೇ ಹುಟ್ಟಿಸುತ್ತದೆ. 2019ರಲ್ಲಿ ಪ್ರಕಟವಾದ ಹನ್ನೊಂದು ದೇಶಗಳ ಅಧ್ಯಯನವೊಂದರಲ್ಲಿ, ತೂಕದೊಂದಿಗೆ ಹೆಣಗಲು ಶುರುವಾದ ದಿನದಿಂದ ವೈದ್ಯರ ಬಳಿ ಅದರ ಬಗ್ಗೆ ಮೊದಲ ಬಾರಿಗೆ ಬಾಯಿಬಿಡುವವರೆಗೆ ಸರಾಸರಿ ಆರು ವರ್ಷಗಳು ಕಳೆದಿರುವುದು ಕಂಡುಬಂದಿತು. ತೂಕ ಇಳಿಸುವುದು ಸಂಪೂರ್ಣವಾಗಿ ತಮ್ಮದೇ ಹೊಣೆ ಎಂದು ಅವರಲ್ಲಿ ಬಹುಪಾಲು ಜನ ನಂಬಿದ್ದರು. ಭಾರತ ಆ ದೇಶಗಳ ಪಟ್ಟಿಯಲ್ಲಿರಲಿಲ್ಲ, ಆದರೂ ನಿಮ್ಮ ಪತ್ರದಲ್ಲಿರುವುದು ಅದೇ ಕತೆ. ಜ್ವರ ಇಳಿದ ಮೇಲೆ ಆಸ್ಪತ್ರೆಗೆ ಹೋಗೋಣ ಎಂದು ಯಾರೂ ಕಾಯುವುದಿಲ್ಲವಲ್ಲ, ತೂಕದ ವಿಷಯದಲ್ಲಿ ಮಾತ್ರ ಏಕೆ ಕಾಯಬೇಕು?

ಕಾಯಬಾರದು ಎನ್ನಲು ನಿಮ್ಮ ಪತ್ರದಲ್ಲೇ ಸಾಕಷ್ಟು ಕಾರಣಗಳಿವೆ. ಕುತ್ತಿಗೆಯ ಆ ಕಪ್ಪು ಕೊಳೆಯಲ್ಲ. ರಕ್ತದಲ್ಲಿ ಇನ್ಸುಲಿನ್ ಇದ್ದರೂ ದೇಹ ಅದಕ್ಕೆ ಸರಿಯಾಗಿ ಸ್ಪಂದಿಸದಿದ್ದಾಗ ಮೇದೋಜೀರಕ ಗ್ರಂಥಿ ಮತ್ತಷ್ಟು ಇನ್ಸುಲಿನ್ ಸುರಿಸುತ್ತದೆ. ಆ ಹೆಚ್ಚುವರಿ ಇನ್ಸುಲಿನ್‌ನಿಂದ ಕುತ್ತಿಗೆ, ಕಂಕುಳುಗಳ ಚರ್ಮ ದಪ್ಪಗಾಗಿ ಕಪ್ಪಾಗುತ್ತದೆ. ಉಜ್ಜಿದಷ್ಟೂ ಚರ್ಮಕ್ಕೆ ಗಾಯವಾಗುತ್ತದೆಯೇ ಹೊರತು ಕಪ್ಪು ಹೋಗುವುದಿಲ್ಲ. ಏರುಪೇರಾದ ಮುಟ್ಟನ್ನೂ ಇದರೊಂದಿಗೆ ಸೇರಿಸಿ ನೋಡಿದರೆ ಪಿಸಿಓಎಸ್ (ಹಾರ್ಮೋನುಗಳ ಏರುಪೇರಿನಿಂದ ಮುಟ್ಟು ತಪ್ಪುವ ಅಂಡಾಶಯದ ತೊಂದರೆ) ಇರಬಹುದೇ ಎಂದು ಪರೀಕ್ಷಿಸುವುದು ಅಗತ್ಯ. ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ, ಥೈರಾಯ್ಡ್, ಕೊಬ್ಬಿನಂಶ, ಯಕೃತ್ತು, ರಕ್ತದೊತ್ತಡ ಇವಿಷ್ಟನ್ನು ನೋಡಿಸಿಕೊಳ್ಳಿ. ಸ್ಟೀರಾಯ್ಡ್ ಅಥವಾ ಮನೋರೋಗದ ಕೆಲವು ಔಷಧಗಳನ್ನು ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ, ಏಕೆಂದರೆ ಅವೂ ತೂಕ ಏರಿಸುತ್ತವೆ. ಕನ್ನಡಿಯಲ್ಲಿ ಕಂಡು ನೀವು ನಾಚಿಕೊಂಡ ಗುರುತೇ ವೈದ್ಯರಿಗೆ ರೋಗದ ಸುಳಿವು.

ಇನ್ನು 56 ಕೆ.ಜಿ.ಯ ಮಾತು. ಅಲ್ಲಿಗೆ ಮರಳಬೇಕಾದರೆ ನಿಮ್ಮ ಈಗಿನ ತೂಕದ ಮೂರನೆಯ ಒಂದು ಭಾಗ ಇಳಿಯಬೇಕು. 1997ರಲ್ಲಿ ಅಮೆರಿಕದ ಸಂಶೋಧಕರು ಬೊಜ್ಜಿನ ಚಿಕಿತ್ಸೆಗೆ ಬಂದ 60 ಮಹಿಳೆಯರನ್ನು ‘ಎಷ್ಟು ಇಳಿದರೆ ನಿಮಗೆ ತೃಪ್ತಿ’ ಎಂದು ಮೊದಲೇ ಕೇಳಿಟ್ಟುಕೊಂಡಿದ್ದರು. ಅವರು ಬಯಸಿದ್ದು ಸರಾಸರಿ ಶೇ 32ರಷ್ಟು ಇಳಿಕೆ. 48 ವಾರಗಳ ಚಿಕಿತ್ಸೆಯ ಕೊನೆಗೆ ಅವರು ಸರಾಸರಿ 16 ಕೆ.ಜಿ. ಇಳಿಸಿದ್ದರು. ವೈದ್ಯರ ಲೆಕ್ಕದಲ್ಲಿ ಅದು ದೊಡ್ಡ ಗೆಲುವು, ಆದರೆ ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ತಾವೇ ‘ಇಷ್ಟಾದರೆ ನಿರಾಸೆ’ ಎಂದು ಬರೆದಿದ್ದ ತೂಕವನ್ನೂ ಮುಟ್ಟಿರಲಿಲ್ಲ. ಇದನ್ನು ನಾನು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ಕನ್ನಡಿಯೊಂದನ್ನೇ ಅಳತೆಗೋಲಾಗಿ ಇಟ್ಟುಕೊಂಡವರು ದೇಹ ನಿಜವಾಗಿ ಸುಧಾರಿಸುತ್ತಿರುವಾಗಲೂ ತಾವು ಸೋತೆವೆಂದು ತಿಳಿದು ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟುಬಿಡುವ ಅಪಾಯವಿದೆ. ನಿಮ್ಮ ತೂಕದ ಶೇ 5ರಿಂದ 10ರಷ್ಟು, ಅಂದರೆ ಸುಮಾರು ನಾಲ್ಕರಿಂದ ಎಂಟು ಕೆ.ಜಿ. ಇಳಿದರೂ ಸಕ್ಕರೆ, ರಕ್ತದೊತ್ತಡ ಸುಧಾರಿಸುತ್ತವೆ, ಮುಟ್ಟು ಕ್ರಮಕ್ಕೆ ಬರುವ ಸಾಧ್ಯತೆ ಹೆಚ್ಚುತ್ತದೆ. ಆದ್ದರಿಂದ ಆಸೆಯನ್ನು ಇಟ್ಟುಕೊಳ್ಳಿ, ಜೊತೆಗೆ ಮೆಟ್ಟಿಲು ಹತ್ತಿದಾಗಿನ ಉಸಿರು, ರಾತ್ರಿಯ ನಿದ್ದೆ, ಮುಟ್ಟಿನ ದಿನಾಂಕ, ಸೊಂಟದ ಸುತ್ತಳತೆ ಇವನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ.

ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ಸೂಚ್ಯಂಕ, 34.5. ಈ ಹಂತದಲ್ಲಿ ಆಹಾರ, ವ್ಯಾಯಾಮಗಳ ಜೊತೆಗೆ ಔಷಧದ ಬಗ್ಗೆ ಮಾತನಾಡುವುದು ಸೋಮಾರಿತನವೂ ಅಲ್ಲ, ಅಡ್ಡದಾರಿಯೂ ಅಲ್ಲ. ಸೆಮಾಗ್ಲುಟೈಡ್ ಚುಚ್ಚುಮದ್ದಿನ 2021ರ ಪ್ರಮುಖ ಪ್ರಯೋಗದಲ್ಲಿ 68 ವಾರಗಳಿಗೆ ಸರಾಸರಿ ಶೇ 15ರಷ್ಟು ತೂಕ ಇಳಿದಿತ್ತು. ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದದ್ದರ ಮೂರನೆಯ ಎರಡು ಭಾಗ ಮರಳಿತು. ಮದುವೆಯ ದಿನದವರೆಗೆ ಎಂದು ಶುರುಮಾಡುವ ಔಷಧ ಇದಲ್ಲ. ಇನ್ನೊಂದು ಮಗುವಿನ ಯೋಚನೆ ಇದ್ದರೆ ಅದನ್ನು ಮೊದಲೇ ತಿಳಿಸಿ, ಏಕೆಂದರೆ ಗರ್ಭ ಧರಿಸುವ ಕನಿಷ್ಠ ಎರಡು ತಿಂಗಳ ಮೊದಲು ಈ ಔಷಧವನ್ನು ನಿಲ್ಲಿಸಬೇಕು.

ಆ ದಿನ ನಿಮಗೆ ಆದ ಅವಮಾನ ಸಣ್ಣದಲ್ಲ, ಮತ್ತು ಅದು ನಿಮ್ಮ ತಪ್ಪಿನಿಂದ ಆದದ್ದಲ್ಲ. ಕೆಮ್ಮಿಗೆ ಬಂದವರಿಗೆ ಕೆಮ್ಮಿನ ಚಿಕಿತ್ಸೆ ಕೊಡಬೇಕಿತ್ತು. ತೂಕದ ಕಾರಣಕ್ಕೆ ಹೀಯಾಳಿಸಿಕೊಂಡವರು ತೆಳ್ಳಗಾಗುವುದಿಲ್ಲ, ಆಸ್ಪತ್ರೆಯನ್ನು ತಪ್ಪಿಸುತ್ತಾರೆ, ನೊಂದಾಗ ಇನ್ನಷ್ಟು ತಿನ್ನುತ್ತಾರೆ ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ನನ್ನ ವೃತ್ತಿಯವರು ಇದನ್ನು ಕಲಿಯಲೇಬೇಕು. ಬೇರೆ ವೈದ್ಯರನ್ನು ಆರಿಸಿಕೊಳ್ಳಿ. ‘ತೂಕದ ಬಗ್ಗೆ ಮಾತನಾಡಲು ಬಂದಿದ್ದೇನೆ, ಹಿಂದೆ ನನಗೆ ಅವಮಾನವಾಗಿದೆ, ದಯವಿಟ್ಟು ತೂಕವನ್ನು ಬೇರೆಯವರಿಗೆ ಕೇಳದಂತೆ ಹೇಳಿ’ ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೊಟ್ಟರೂ ಆಯಿತು. ಮದುವೆಗೆ ರವಿಕೆಯನ್ನು ಆ ಹೊತ್ತಿನ ಅಳತೆಗೇ ಹೊಲಿಸಿ, ಮುಂದಿನ ಸಾಲಿನಲ್ಲಿ ನಿಲ್ಲಿ. ತಮ್ಮನ ಮದುವೆಯ ಫೋಟೊದಲ್ಲಿ ಅಕ್ಕ ಇರಬೇಕು.

ಪ್ರಶ್ನೆ: ನನ್ನ ಯಜಮಾನರಿಗೆ 43 ವರ್ಷ, ಎತ್ತರ 170 ಸೆಂ.ಮೀ., ತೂಕ 79 ಕೆ.ಜಿ., ಸೊಂಟದ ಸುತ್ತಳತೆ 104 ಸೆಂ.ಮೀ. ಕಚೇರಿಯ ತಪಾಸಣೆಯಲ್ಲಿ ಎಚ್‌ಬಿಎ1ಸಿ 6.1 ಬಂದಿದೆ. ವೈದ್ಯರ ಹತ್ತಿರ ಹೋಗೋಣ ಎಂದರೆ, ‘ನಾನೇನು ದಪ್ಪ ಇದ್ದೀನಾ? ಈ ವಯಸ್ಸಿಗೆ ಗಂಡಸರಿಗೆ ಇಷ್ಟು ಹೊಟ್ಟೆ ಇರೋದೇ’ ಎನ್ನುತ್ತಾರೆ. ಅತ್ತೆಯವರೂ ‘ಈಗ ಮೈ ತುಂಬಿಕೊಂಡಿದಾನ’ ಎಂದು ಸಂತೋಷಪಡುತ್ತಾರೆ. ಏನು ಮಾಡಲಿ?
— ಗೃಹಿಣಿ, ಹುಬ್ಬಳ್ಳಿ

ಉತ್ತರ: ದಾವಣಗೆರೆಯ ಸಹೋದರಿ ಕನ್ನಡಿಗೆ ಹೆದರಿ ದೂರ ಉಳಿದರೆ, ನಿಮ್ಮ ಯಜಮಾನರು ಕನ್ನಡಿಯನ್ನು ನಂಬಿ ದೂರ ಉಳಿದಿದ್ದಾರೆ. ಸುತ್ತಮುತ್ತ ಎಲ್ಲರೂ ಹಾಗೇ ಇದ್ದಾಗ ತಮ್ಮ ಹೊಟ್ಟೆ ಸಹಜವಾಗಿಯೇ ಕಾಣುತ್ತದೆ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗಂಡಸರಲ್ಲಿ ಸುಮಾರು ಶೇ 31ರಷ್ಟು ಮಂದಿಯ ಬಿಎಂಐ 25 ಅಥವಾ ಅದಕ್ಕಿಂತ ಹೆಚ್ಚು. ನಿಮ್ಮ ಯಜಮಾನರದು 27ಕ್ಕೂ ಹೆಚ್ಚು. ಭಾರತೀಯರಿಗಾಗಿ 2009ರಲ್ಲಿ ತಜ್ಞರು ಒಪ್ಪಿದ ಮಾನದಂಡದಲ್ಲಿ 25ರಿಂದಲೇ ಸ್ಥೂಲಕಾಯ ಎಂದು ಲೆಕ್ಕ. ಗಂಡಸರ ಸೊಂಟಕ್ಕೆ 90 ಸೆಂ.ಮೀ. ಮಿತಿ.

ನಮಗೆ ಈ ಕಡಿಮೆ ಮಿತಿ ಏಕೆ ಎಂದು ಅವರು ಕೇಳಬಹುದು. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಫೋಟೊವನ್ನೇ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಬ್ಬರ ಬಿಎಂಐ ಕೂಡ 22.3. ಆದರೆ ಯುಡ್ಕಿನ್ನರ ದೇಹದಲ್ಲಿ ಕೊಬ್ಬು ಶೇ 9.1, ಯಾಜ್ಞಿಕರ ದೇಹದಲ್ಲಿ ಶೇ 21.2. ನಮ್ಮವರಲ್ಲಿ ನೋಟಕ್ಕೆ ಕಾಣದ ಕೊಬ್ಬು ಹೊಟ್ಟೆಯೊಳಗೆ, ಯಕೃತ್ತಿನ ಸುತ್ತ ಕೂರುತ್ತದೆ.

‘ದಪ್ಪ’ ಎಂಬ ಮಾತನ್ನೇ ಎತ್ತಬೇಡಿ. ಅದನ್ನು ಎತ್ತಿದ ಕೂಡಲೇ ಮಾತು ಅವರ ಅಭಿಮಾನಕ್ಕೆ ತಿರುಗುತ್ತದೆ. 6.1 ಎಂಬುದು ಮಧುಮೇಹಕ್ಕೆ ಮುಂಚಿನ ಹಂತ, ಅಲ್ಲಿಂದ ಹಿಂದಕ್ಕೆ ಬರಲು ದಾರಿಯಿದೆ ಎಂದಷ್ಟೇ ಹೇಳಿ. ಈ ಹಂತದವರ ಮೇಲೆ ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ಶೇ 7ರಷ್ಟು ತೂಕ ಇಳಿಕೆ ಮತ್ತು ವಾರಕ್ಕೆ 150 ನಿಮಿಷಗಳ ನಡಿಗೆಯಂಥ ವ್ಯಾಯಾಮದ ಗುರಿ ಹಾಕಿಕೊಂಡವರಲ್ಲಿ ಮಧುಮೇಹ ಬರುವುದು ಶೇ 58ರಷ್ಟು ಕಡಿಮೆಯಾಯಿತು. ನಿಮ್ಮ ಯಜಮಾನರಿಗೆ ಆ ಶೇ 7 ಎಂದರೆ ಐದೂವರೆ ಕೆ.ಜಿ. ಮಾತ್ರ. ಗೊರಕೆ, ಹಗಲಿನ ತೂಕಡಿಕೆ, ಬೂಟಿನ ಲೇಸು ಕಟ್ಟುವಾಗಿನ ಏದುಸಿರು ಇವುಗಳಲ್ಲಿ ಯಾವುದು ಅವರಿಗೆ ತೊಂದರೆ ಕೊಡುತ್ತಿದೆ ಎಂದು ಕೇಳಿ, ಉತ್ತರವನ್ನು ಅವರೇ ಹೇಳುವವರೆಗೆ ಸುಮ್ಮನಿರಿ. ಅವರ ಬಾಯಿಂದ ಬಂದ ಕಾರಣಕ್ಕೆ ಇರುವ ಬಲ ನಮ್ಮ ಉಪದೇಶಕ್ಕಿಲ್ಲ. ಅತ್ತೆಯವರನ್ನು ಎದುರುಹಾಕಿಕೊಳ್ಳದೆ, ಅವರ ಕೈಯಡುಗೆಯಲ್ಲೇ ಎಣ್ಣೆ ಮತ್ತು ಅನ್ನ ತಗ್ಗಿಸಿ, ಕಾಳುಪಲ್ಯ, ಸೊಪ್ಪು, ಜೋಳದ ರೊಟ್ಟಿ ಇಡೀ ಮನೆಗೇ ಹೊಂದುವಂತೆ ನೋಡಿಕೊಳ್ಳಿ.

ಪ್ರಶ್ನೆ: ನನಗೆ 22 ವರ್ಷ, 162 ಸೆಂ.ಮೀ., 54 ಕೆ.ಜಿ. ತೊಡೆ, ತೋಳು ನೋಡಿದರೆ ಅಸಹ್ಯವಾಗುತ್ತದೆ. ಕೆಲವೊಮ್ಮೆ ಊಟ ಮಾಡಿ ಬೆರಳು ಹಾಕಿ ವಾಂತಿ ಮಾಡುತ್ತೇನೆ. ತೂಕದ ಚುಚ್ಚುಮದ್ದು ತೆಗೆದುಕೊಳ್ಳಬಹುದೇ?
— ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ಬೇಡ. ನಿಮ್ಮ ಬಿಎಂಐ 20.6, ನಿಮಗೆ ಬೊಜ್ಜಿಲ್ಲ. ಆ ಔಷಧಗಳು ಬಿಎಂಐ 30 ದಾಟಿದವರಿಗೆ, ಅಥವಾ 27 ದಾಟಿ ಜೊತೆಗೆ ಮಧುಮೇಹ, ರಕ್ತದೊತ್ತಡದಂಥ ತೊಂದರೆ ಇರುವವರಿಗೆ ಒಪ್ಪಿಗೆ ಪಡೆದಂಥವು. ಆದರೆ ‘ನಿನಗೇನೂ ಆಗಿಲ್ಲ, ಸುಮ್ಮನಿರು’ ಎಂದು ಹೇಳಿ ನಿಮ್ಮನ್ನು ಕಳಿಸಲು ನನಗೆ ಮನಸ್ಸಿಲ್ಲ, ಏಕೆಂದರೆ ನಿಮ್ಮ ಸಂಕಟ ನಿಜವಾದದ್ದು ಮತ್ತು ಅದಕ್ಕೆ ಚಿಕಿತ್ಸೆಯಿದೆ. ಬಲವಂತದ ವಾಂತಿಯಿಂದ ರಕ್ತದಲ್ಲಿ ಪೊಟ್ಯಾಸಿಯಂ ಕುಸಿದು ಹೃದಯದ ಬಡಿತವೇ ತಪ್ಪಬಹುದು. ಆದ್ದರಿಂದ ಈ ವಾರವೇ ಮನೋವೈದ್ಯರನ್ನು ಕಾಣಿ. ವಾಂತಿಯ ವಿಷಯವನ್ನು ಮುಚ್ಚಿಡದೆ ಹೇಳಿ, ರಕ್ತಪರೀಕ್ಷೆ ಮಾಡಿಸಿಕೊಳ್ಳಿ. ನೇರವಾಗಿ ಹೋಗಲು ಹಿಂಜರಿಕೆಯಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದು ಉಚಿತ, ಹಗಲು ರಾತ್ರಿ ಲಭ್ಯವಿದೆ, ಕನ್ನಡದಲ್ಲೇ ಮಾತನಾಡಬಹುದು.