ಹಿಟ್ಟಿನ ಮಿಲ್ಲಿಗೂ ಟ್ರೆಡ್‌ಮಿಲ್ಲಿಗೂ ಏನು ನೆಂಟಸ್ತನ?

ಪ್ರಶ್ನೆ: ನಮ್ಮ ತಂದೆ ದಾವಣಗೆರೆಯ ಒಂದು ಕಾಟನ್ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಈಗ ನಮ್ಮ ಹಿಂದಿನ ಬೀದಿಯಲ್ಲಿ ಹಿಟ್ಟಿನ ಮಿಲ್ ಇದೆ. ಊರ ಹೊರಗೆ ರೈಸ್ ಮಿಲ್‌ಗಳಿವೆ. ಮಗ ಬೆಳಿಗ್ಗೆ ಎದ್ದು ಜಿಮ್‌ನಲ್ಲಿ ಟ್ರೆಡ್‌ಮಿಲ್ ಮೇಲೆ ಓಡುತ್ತಾನೆ. ನೂಲೋದು, ಬೀಸೋದು, ಓಡೋದು ಎಲ್ಲಕ್ಕೂ ಒಂದೇ ಮಿಲ್ ಹೇಗೆ? ಮಾತ್ರೆ ಚೀಟಿಯ ಮಿಲಿಗ್ರಾಂನಲ್ಲಿರುವುದೂ ಇದೇನಾ? ಹೋಟೆಲ್ ಮುಂದಿನ ‘ಮೀಲ್ಸ್ ರೆಡಿ’ಗೂ ಇದಕ್ಕೂ ಸಂಬಂಧ ಇದೆಯಾ?
— ಒಬ್ಬ ಓದುಗರು, ದಾವಣಗೆರೆ

ಉತ್ತರ: ಮಿಲಿಗ್ರಾಂ ವಿಚಾರ ಮೊದಲು ಮುಗಿಸಿಬಿಡೋಣ, ಅದು ಸುಲಭ. ಲ್ಯಾಟಿನ್ನಿನಲ್ಲಿ ‘ಮಿಲ್ಲೆ’ ಅಂದರೆ ಸಾವಿರ. ಗ್ರಾಂನ ಸಾವಿರದ ಒಂದು ಭಾಗ ಮಿಲಿಗ್ರಾಂ. ಮಿಲಿಮೀಟರ್, ಮಿಲಿಯನ್ ಎಲ್ಲ ಅದೇ ಮನೆಯ ಮಕ್ಕಳು. ಅಮೆರಿಕದಲ್ಲಿ ಮನೆ ಕಂದಾಯವನ್ನು ‘ಮಿಲ್’ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಮಿಲ್ ಅಂದರೆ ಡಾಲರಿನ ಸಾವಿರದ ಒಂದು ಭಾಗ. ಸ್ಪೆಲಿಂಗ್ ಥೇಟ್ ನಿಮ್ಮ ಹಿಟ್ಟಿನ ಮಿಲ್ಲಿನದ್ದೇ. ಆದರೂ ಇಬ್ಬರೂ ಸಂಬಂಧಿಕರಲ್ಲ. ಒಂದೇ ಊರಲ್ಲಿ ಇಬ್ಬರು ಬಸವರಾಜರು ಇದ್ದ ಹಾಗೆ.

ನಿಮ್ಮ ಮಿಲ್ಲಿನ ತವರು ಬೇರೆ. ಲ್ಯಾಟಿನ್ನಿನ ‘ಮೊಲೆರೆ’ ಅಂದರೆ ಬೀಸು, ‘ಮೊಲಾ’ ಅಂದರೆ ಬೀಸುವ ಕಲ್ಲು. ಅದರಿಂದ ಹುಟ್ಟಿದ ಪದ ಹಳೆಯ ಇಂಗ್ಲಿಷಿಗೆ ಬಂದಾಗ ‘ಮಿಲೆನ್’ ಆಗಿತ್ತು. ಬಾಯಿಂದ ಬಾಯಿಗೆ ಹೋಗುತ್ತಾ ಕೊನೆಯ ‘ನ್’ ಉದುರಿತು. ‘ಮಿಲ್ನ್’ ಎಂಬ ಮನೆತನದ ಹೆಸರಿನಲ್ಲಿ ಅದು ಇನ್ನೂ ಉಳಿದಿದೆ. ಹಲ್ಲಿನ ಡಾಕ್ಟರು ದವಡೆ ಹಲ್ಲಿಗೆ ‘ಮೋಲಾರ್’ ಅನ್ನುತ್ತಾರಲ್ಲ, ಅದೂ ಈ ಬೀಸುವ ಕಲ್ಲೇ. ಸಂಬಳದ ಕಾಗದಗಳಲ್ಲಿ ಬರುವ ‘ಎಮಾಲ್ಯುಮೆಂಟ್ಸ್’ ಕೂಡ ಬಹುಶಃ ಮೊದಲಿಗೆ ಕಾಳು ಬೀಸಿಕೊಟ್ಟವನ ಕೂಲಿ.

ಹಾಗಾದರೆ ಬೀಸುವ ಪದ ಹತ್ತಿಗೆ ಯಾಕೆ ಬಂತು? ಕಾಲೇಜಿನಲ್ಲಿ ಪಾಠ ಮಾಡುವಾಗ ನಾನು ಇದನ್ನು ಕೇಳಿದರೆ ಹುಡುಗರು ‘ಮಿಲ್ ಅಂದ್ರೆ ಮಷೀನು ಸರ್’ ಅನ್ನುತ್ತಿದ್ದರು. ಅರ್ಧ ಸರಿ. ಯುರೋಪಿನಲ್ಲಿ ಕಾಳು ಬೀಸುವುದಕ್ಕೆ ಹೊಳೆ ಪಕ್ಕ ದೊಡ್ಡ ಚಕ್ರ ನಿಲ್ಲಿಸುತ್ತಿದ್ದರು. ನೀರು ಚಕ್ರ ತಿರುಗಿಸುತ್ತೆ, ಚಕ್ರ ಕಲ್ಲು ತಿರುಗಿಸುತ್ತೆ. ತಿರುಗುವ ಶಕ್ತಿ ಹೇಗೂ ಇದೆ, ಕಲ್ಲಿನ ಬದಲು ಬೇರೆ ಏನಾದರೂ ಕಟ್ಟಿದರೆ? ಗರಗಸ ಕಟ್ಟಿದರು, ಸಾ ಮಿಲ್ ಆಯಿತು. ಚಿಂದಿ ಬಟ್ಟೆ ಕುಟ್ಟುವ ಕೊಡತಿ ಕಟ್ಟಿದರು, ಪೇಪರ್ ಮಿಲ್ ಆಯಿತು. 1771ರಲ್ಲಿ ರಿಚರ್ಡ್ ಆರ್ಕ್‌ರೈಟ್ ಇಂಗ್ಲೆಂಡಿನ ಕ್ರಾಮ್‌ಫರ್ಡ್ ಎಂಬಲ್ಲಿ ಅದೇ ನೀರಿನ ಚಕ್ರಕ್ಕೆ ಹತ್ತಿ ನೂಲುವ ಯಂತ್ರ ಜೋಡಿಸಿದ. ಆ ಯಂತ್ರದ ಹೆಸರೇ ವಾಟರ್ ಫ್ರೇಮ್. ಅಲ್ಲಿಂದ ಕಾಟನ್ ಮಿಲ್. ಆಮೇಲೆ ನೀರು ಹೋಗಿ ಆವಿ ಬಂತು, ಆವಿ ಹೋಗಿ ಕರೆಂಟು ಬಂತು. ಹೆಸರು ಮಾತ್ರ ಕದಲಲಿಲ್ಲ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುವ ಕಾಲಕ್ಕೆ ಮಿಲ್ ಅಂದರೆ ಸೈರನ್ನು, ಪಾಳಿ, ಬಟವಾಡೆ ಅಷ್ಟೇ. ಕಲ್ಲು ಯಾರಿಗೆ ನೆನಪು?

ಭದ್ರಾ ನಾಲೆ ಭತ್ತ ನಂಬಿಕೊಂಡ ನಿಮ್ಮ ರೈಸ್ ಮಿಲ್ಲನ್ನೇ ನೋಡಿ. ಅಲ್ಲಿ ಹೊಟ್ಟು ಬಿಡಿಸುತ್ತಾರೆ, ಪಾಲಿಶ್ ಮಾಡುತ್ತಾರೆ. ಬೀಸುವುದೇ ಇಲ್ಲ. ಬೀಸಿದರೆ ಅಕ್ಕಿ ಹೋಗಿ ಹಿಟ್ಟಾಗುತ್ತೆ, ಮಾಲೀಕ ಮನೆಗೆ ಹೋಗಬೇಕಾಗುತ್ತೆ! ನಮ್ಮ ‘ಗಿರಣಿ’ಯೂ ಇದೇ ದಾರಿ ಹಿಡಿದ ಪದ. ಜೋಳ ಹಾಕಿಸುವುದೂ ಗಿರಣಿಗೆ, ನೂಲು ತೆಗೆಯುವುದೂ ಗಿರಣಿಯಲ್ಲೇ. ಹುಬ್ಬಳ್ಳಿಯ ಗಿರಣಿ ಚಾಳ ಎಂಬ ಬಡಾವಣೆಗೆ ಹೆಸರು ಬಂದದ್ದು ಹಿಟ್ಟಿನ ಗಿರಣಿಯಿಂದಲ್ಲ, ನೂಲಿನ ಗಿರಣಿಯಿಂದ.

ಬೀಸುವ ಕಲ್ಲು, ಕಾರ್ಖಾನೆ ಎರಡೂ ಒಂದೇ ಆಗಿದ್ದ ಜಾಗ ನೋಡಬೇಕು ಅಂದರೆ ನಮ್ಮ ಹತ್ತಿರವೇ ಇದೆ. ಚಿತ್ರದುರ್ಗದ ಕೋಟೆಯಲ್ಲಿ ‘ಮದ್ದು ಬೀಸುವ ಕಲ್ಲು’ ಅಂತ ತೋರಿಸುತ್ತಾರೆ. ನೆಲಕ್ಕಿಂತ ಕೆಳಗೆ ಕಲ್ಲು ಕಟ್ಟಿದ ಗುಂಡಿ. ಅದರೊಳಗೆ ನಾಲ್ಕು ಭಾರಿ ಕಲ್ಲುಗಳು. ಕೋಣ ಕಟ್ಟಿ ತಿರುಗಿಸುತ್ತಿದ್ದರು ಅಂತ ಒಬ್ಬ ಗೈಡ್, ಆನೆ ಕಟ್ಟಿ ಅಂತ ಇನ್ನೊಬ್ಬ. ಬೀಸುತ್ತಿದ್ದದ್ದು ಜೋಳವಲ್ಲ, ಬಂದೂಕಿನ ಮದ್ದು. ಅಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ. ಇಂಥ ಕಡೆಗೆ ಇಂಗ್ಲಿಷರು ‘ಪೌಡರ್ ಮಿಲ್’ ಅನ್ನುತ್ತಾರೆ. ನಮ್ಮವರಿಗೂ ‘ಬೀಸು’ ಅನ್ನುವ ಅಡುಗೆಮನೆ ಪದವೇ ಸಾಕಾಯಿತು. ನನಗೆ ಇದು ಬಹಳ ಇಷ್ಟ. ಮುಂದಿನ ಸಲ ಕೋಟೆಗೆ ಹೋದಾಗ ಒನಕೆ ಕಿಂಡಿ ನೋಡಿ ಹಾಗೇ ಇಳಿದುಬಿಡಬೇಡಿ.

ಇನ್ನು ಟ್ರೆಡ್‌ಮಿಲ್. ‘ಟ್ರೆಡ್’ ಅಂದರೆ ತುಳಿ. 1818ರಲ್ಲಿ ವಿಲಿಯಂ ಕ್ಯೂಬಿಟ್ ಎಂಬ ಇಂಗ್ಲಿಷ್ ಎಂಜಿನಿಯರ್ ಇದನ್ನು ಜೈಲಿಗಾಗಿ ಮಾಡಿದ. ಉದ್ದನೆಯ ಉರುಳೆಗೆ ಮೆಟ್ಟಿಲು. ಕೈದಿಗಳು ಸಾಲಾಗಿ ನಿಂತು ಹತ್ತುತ್ತಲೇ ಇರಬೇಕು, ಮೆಟ್ಟಿಲು ಕೆಳಗೆ ಜಾರುತ್ತಲೇ ಇರುತ್ತೆ. ಕೆಲವು ಜೈಲುಗಳಲ್ಲಿ ಆ ಉರುಳೆಯಿಂದ ನಿಜವಾಗಿಯೂ ಕಾಳು ಬೀಸಿಸುತ್ತಿದ್ದರು, ಅದಕ್ಕೇ ಮಿಲ್. ಇನ್ನು ಕೆಲವು ಕಡೆ ಸುಮ್ನೆ ತಿರುಗಿಸುವುದು, ಬರೀ ಶಿಕ್ಷೆಗೆ. ಈಗ ನಿಮ್ಮ ಮಗ ತಿಂಗಳಿಗಿಷ್ಟು ಅಂತ ದುಡ್ಡು ಕೊಟ್ಟು ತುಳಿಯುತ್ತಿದ್ದಾನೆ. ಅವನಿಗೆ ಇದನ್ನು ಹೇಳಬೇಕೋ ಬೇಡವೋ ನಿಮಗೆ ಬಿಟ್ಟದ್ದು.

‘ಮೀಲ್ಸ್ ರೆಡಿ’ ಉಳಿಯಿತು. ಇಂಗ್ಲಿಷಿನಲ್ಲಿ ಮೀಲ್ ಎರಡಿವೆ. ಒಂದು ಹಿಟ್ಟು, ತರಿ. ಓಟ್‌ಮೀಲ್ ಡಬ್ಬಿ ಮೇಲಿರುವುದು ಅದು, ಬೀಸುವ ಮಿಲ್ಲಿಗೆ ದೂರದ ನೆಂಟ. ಊಟದ ಮೀಲ್ ಬೇರೆ. ಅದರ ಹಳೆಯ ಅರ್ಥ ಅಳತೆ, ಗೊತ್ತಾದ ಹೊತ್ತು. ಹೊತ್ತಿಗೆ ಸರಿಯಾಗಿ ಬರುವುದು ಊಟ ತಾನೇ? ನಾವೂ ‘ಎರಡು ಹೊತ್ತಿನ ಊಟ’ ಅನ್ನುತ್ತೇವಲ್ಲ. ಹಾಗಾಗಿ ಹೋಟೆಲಿನ ಬೋರ್ಡು ಮಧ್ಯಾಹ್ನ ಹನ್ನೆರಡಕ್ಕೆ ಹೊರಗೆ ಬರುವುದು ಪದದ ಹಳೆಯ ಅರ್ಥಕ್ಕೆ ಸರಿಯಾಗಿಯೇ ಇದೆ.