ಶಾಲಾ ಜಾಲದಲ್ಲಿ ನಾನಾ ಬಗೆಯ ಕಂಪ್ಯೂಟರುಗಳು

ಪ್ರಶ್ನೆ: ನಮ್ಮ ಪ್ರೌಢಶಾಲೆಯ ಕಂಪ್ಯೂಟರುಗಳೆಲ್ಲ ಹಳೆ ವಿದ್ಯಾರ್ಥಿಗಳು ಬೇರೆ ಬೇರೆ ವರ್ಷಗಳಲ್ಲಿ ಕೊಟ್ಟವು. ಕೆಲವು ವಿಂಡೋಸ್ 10, ಕೆಲವು ಉಬುಂಟು. ಕಚೇರಿಯಲ್ಲಿ ಒಂದು ಮ್ಯಾಕ್ ಮತ್ತು ಹಳೆಯ ಸ್ಕ್ಯಾನರಿಗಾಗಿ ಉಳಿಸಿಕೊಂಡ ಒಂದು ವಿಂಡೋಸ್ ಎಕ್ಸ್‌ಪಿ. ಉಬುಂಟು ಸರ್ವರಿನಲ್ಲಿರುವ ಹಂಚಿಕೆಯ ಫೋಲ್ಡರ್ ಕೆಲವು ಯಂತ್ರಗಳಿಗೆ ಒಂದು ದಿನ ಸಿಕ್ಕಿದರೆ ಮರುದಿನ ಸಿಗುವುದಿಲ್ಲ. ಎಕ್ಸ್‌ಪಿಗೆ ಸಿಗುವುದೇ ಇಲ್ಲ. ನೆಟ್‌ಬ್ಯುಯಿ, ಐಪಿಎಕ್ಸ್ ಎಂಬ ಪ್ರೋಟೊಕಾಲುಗಳನ್ನೂ (ಯಂತ್ರಗಳು ಜಾಲದಲ್ಲಿ ಮಾತಾಡುವ ನಿಯಮಗಳು) ಹಾಕಿರಬೇಕೆಂದು ಲ್ಯಾಬಿನ ಹಳೆಯ ಪುಸ್ತಕದಲ್ಲಿ ಬರೆದಿದೆ. ದುರಸ್ತಿಗೆ ಬಂದವರು, ಎಲ್ಲಕ್ಕೂ ಒಂದೇ ಆಪರೇಟಿಂಗ್ ಸಿಸ್ಟಮ್ ಹಾಕಿ, ಇಲ್ಲವೇ ಎಸ್‌ಎಂಬಿ 1 ಆನ್ ಮಾಡಿ ಎನ್ನುತ್ತಾರೆ. ಏನು ಮಾಡಲಿ?
– ಕಂಪ್ಯೂಟರ್ ಶಿಕ್ಷಕಿ, ಉಡುಪಿ

ಉತ್ತರ: ಅವರು ಹೇಳಿದ ಎರಡೂ ಬೇಡ. ತುಳು, ಕೊಂಕಣಿ, ಬ್ಯಾರಿ ಮನೆಮಾತಿನ ಮಕ್ಕಳು ನಿಮ್ಮ ತರಗತಿಯಲ್ಲಿ ಒಟ್ಟಿಗೆ ಕನ್ನಡದಲ್ಲಿ ಕಲಿಯುವ ಹಾಗೆ, ಆಪರೇಟಿಂಗ್ ಸಿಸ್ಟಮ್ ಯಾವುದೇ ಇರಲಿ, ಯಂತ್ರಗಳು ಪರಸ್ಪರ ವ್ಯವಹರಿಸುವ ಪ್ರೋಟೊಕಾಲ್ ಒಂದೇ ಆಗಿದ್ದರೆ ಸಾಕು. ಆ ಪ್ರೋಟೊಕಾಲ್ ಟಿಸಿಪಿ/ಐಪಿ. ಐಪಿಎಕ್ಸ್ ಎಂಬುದು ನೋವೆಲ್ ನೆಟ್‌ವೇರ್ ಸರ್ವರುಗಳ ಕಾಲದ್ದು. ನೆಟ್‌ಬ್ಯುಯಿ ರೂಟರನ್ನು ದಾಟಲಾರದು, ಮೈಕ್ರೋಸಾಫ್ಟ್ ಎಕ್ಸ್‌ಪಿಯ ಕಾಲಕ್ಕೇ ಅದರ ಬೆಂಬಲವನ್ನು ನಿಲ್ಲಿಸಿತ್ತು. ಮ್ಯಾಕಿನ ಆಪಲ್‌ಟಾಕ್ ಕೂಡ 2009ರ ಸ್ನೋ ಲೆಪರ್ಡ್ ಆವೃತ್ತಿಯಲ್ಲಿ ಹೋಯಿತು. ಲ್ಯಾಬಿನ ಆ ಪುಸ್ತಕವನ್ನು ಕಪಾಟಿನಲ್ಲಿಯೇ ಇಡಿ.

ಒಂದು ದಿನ ಸಿಕ್ಕಿ ಮರುದಿನ ಸಿಗದಿರುವುದಕ್ಕೆ ಬಹುಮಟ್ಟಿಗೆ ಕಾರಣ ಬೇರೆಯೇ ಇರುತ್ತದೆ. ಇಂಟರ್ನೆಟ್ ಮೋಡೆಮ್ ಒಂದು, ಆಮೇಲೆ ತಂದು ಜೋಡಿಸಿದ ವೈಫೈ ರೂಟರ್ ಇನ್ನೊಂದು, ಎರಡೂ ಡಿಎಚ್‌ಸಿಪಿ ಮೂಲಕ ಯಂತ್ರಗಳಿಗೆ ಐಪಿ ವಿಳಾಸ ಹಂಚುತ್ತಿದ್ದರೆ, ಮೊದಲು ಉತ್ತರಿಸಿದವರ ವಿಳಾಸವನ್ನೇ ಯಂತ್ರ ಹಿಡಿದುಕೊಳ್ಳುತ್ತದೆ. ಫೋಲ್ಡರ್ ಸಿಗದ ಯಂತ್ರದ ವಿಳಾಸವನ್ನು ನೋಡಿ: ಸರ್ವರಿನದು 192.168.1 ಎಂದು ಆರಂಭವಾಗಿ, ಇದರದು 192.168.0 ಎಂದಿದ್ದರೆ ಕಳ್ಳ ಸಿಕ್ಕಿದಂತೆಯೇ. ರೂಟರಿನ ಡಿಎಚ್‌ಸಿಪಿಯನ್ನು ಆಫ್ ಮಾಡಿ, ಅದಕ್ಕೂ ಮೋಡೆಮಿನ ಸಾಲಿನಲ್ಲಿಯೇ ಬೇರೆ ಯಾರಿಗೂ ಇಲ್ಲದ ವಿಳಾಸ ಕೊಟ್ಟು, ಮೋಡೆಮಿನ ಕೇಬಲನ್ನು ಅದರ ಲ್ಯಾನ್ ಪೋರ್ಟಿಗೆ ಹಾಕಿ. ಸರ್ವರಿನ ವಿಳಾಸ ಎಂದೂ ಬದಲಾಗದಂತೆ ಕಾಯ್ದಿರಿಸಿ.

ಇನ್ನು ಎಸ್‌ಎಂಬಿ 1. ಕಡತ ಹಂಚಿಕೊಳ್ಳುವ ಎಸ್‌ಎಂಬಿ ಪ್ರೋಟೊಕಾಲಿನ ಈ ಮೊದಲ ಆವೃತ್ತಿಯಲ್ಲಿದ್ದ ದೋಷವನ್ನು ಬಳಸಿಕೊಂಡೇ 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ದುಷ್ಟ ತಂತ್ರಾಂಶ ಜಗತ್ತಿನಾದ್ಯಂತ ಹಬ್ಬಿತು. ಅದೇ ವರ್ಷದ ಕೊನೆಯ ವಿಂಡೋಸ್ 10 ಆವೃತ್ತಿಯಿಂದ ಮೈಕ್ರೋಸಾಫ್ಟ್ ಅದನ್ನು ತಾನಾಗಿ ಸ್ಥಾಪಿಸುವುದನ್ನು ಬಿಟ್ಟಿತು. ನಿಮ್ಮ ಉಬುಂಟು ಸರ್ವರಿನಲ್ಲಿ ಈ ಕೆಲಸ ಮಾಡುವ ಸಾಂಬಾ ತಂತ್ರಾಂಶವೂ 2019ರ 4.11 ಆವೃತ್ತಿಯಿಂದ ಅದನ್ನು ಮುಚ್ಚಿಟ್ಟಿದೆ. ಎಕ್ಸ್‌ಪಿಗೆ ಗೊತ್ತಿರುವುದು ಆ ಆವೃತ್ತಿಯೊಂದೇ ಆದ್ದರಿಂದ ಅದು ಹೊರಗೆ ಉಳಿದಿದೆ, ಉಳಿಯಲಿ. ಒಂದು ಸ್ಕ್ಯಾನರಿಗಾಗಿ ಮಕ್ಕಳ ಅಂಕಪಟ್ಟಿಯಿರುವ ಸರ್ವರಿನ ಬಾಗಿಲು ತೆರೆಯುವುದು ನನಗಂತೂ ಒಪ್ಪಿಗೆಯಿಲ್ಲ. ಸ್ಕ್ಯಾನರನ್ನು ಒಮ್ಮೆ ಉಬುಂಟು ಯಂತ್ರಕ್ಕೆ ಜೋಡಿಸಿ ನೋಡಿ. ವಿಂಡೋಸಿನಲ್ಲಿ ಡ್ರೈವರ್ ಸಿಗದ ಹಲವು ಹಳೆಯ ಮಾದರಿಗಳು ಅಲ್ಲಿ ನಡೆಯುತ್ತವೆ. ನಡೆದರೆ ಎಕ್ಸ್‌ಪಿಯೇ ಬೇಕಾಗಿಲ್ಲ. ನಡೆಯದಿದ್ದರೆ ಅದರ ನೆಟ್‌ವರ್ಕ್ ಕೇಬಲ್ ಕಿತ್ತು, ಚಿತ್ರಗಳನ್ನು ಪೆನ್‌ಡ್ರೈವಿನಲ್ಲಿ ಸಾಗಿಸಿ.

ಎಸ್‌ಎಂಬಿ 1 ಇಲ್ಲದಿದ್ದಾಗ ವಿಂಡೋಸಿನ ನೆಟ್‌ವರ್ಕ್ ಪಟ್ಟಿಯಲ್ಲಿ ಸರ್ವರಿನ ಹೆಸರು ಕಾಣದಿರಬಹುದು. ಅದು ಕೆಟ್ಟಿದೆಯೆಂದಲ್ಲ; ವಿಳಾಸವನ್ನು ನೇರವಾಗಿ ಟೈಪ್ ಮಾಡಿ ಡ್ರೈವ್ ಆಗಿ ಜೋಡಿಸಿಕೊಂಡರಾಯಿತು. ಮ್ಯಾಕ್‌ಗೂ 2013ರಿಂದ ಎಸ್‌ಎಂಬಿ 2 ಮೂಲ ಆಯ್ಕೆಯಾಗಿದೆ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಆ ಯಂತ್ರಗಳನ್ನು ಒಂದೊಂದಾಗಿ ಉಬುಂಟುಗೆ ಬದಲಿಸಿದರೂ ಜಾಲದಲ್ಲಿ ಏನನ್ನೂ ತಿದ್ದಬೇಕಾಗಿಲ್ಲ.

ಪ್ರಶ್ನೆ: ವಿಂಡೋಸಿನಲ್ಲಿ ಮಾಡಿದ ಕನ್ನಡ ಪ್ರಶ್ನೆಪತ್ರಿಕೆ ಉಬುಂಟುವಿನಲ್ಲಿ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಇದೂ ಜಾಲದ ದೋಷವೇ?
– ಶಿಕ್ಷಕರು, ಮಂಗಳೂರು

ಉತ್ತರ: ಅಲ್ಲ. ಹಳೆಯ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳಲ್ಲಿಯೇ ಕನ್ನಡದ ಚಿತ್ರಗಳನ್ನು ಇಟ್ಟಿರುತ್ತವೆ. ಆ ಫಾಂಟ್ ಇಲ್ಲದ ಯಂತ್ರ ಸಂಕೇತವನ್ನಷ್ಟೇ ತೋರಿಸುತ್ತದೆ. ಪರಿವರ್ತಕದಿಂದ ಯೂನಿಕೋಡಿಗೆ ಬದಲಿಸಿ, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾರೆ ಪರಿಶೀಲಿಸಿ. ಕಡತದ ಹೆಸರಿನಲ್ಲಿ ಕೋಲನ್, ಪ್ರಶ್ನಾರ್ಥಕ ಚಿಹ್ನೆ ಬೇಡ. ಉಬುಂಟು ಅವನ್ನು ಒಪ್ಪಿದರೂ ವಿಂಡೋಸ್ ಒಪ್ಪುವುದಿಲ್ಲ.