ಬೇರೆ ದೇಶಕ್ಕೆ ವಲಸೆ ಹೋದರೆ ಕ್ಯಾನ್ಸರ್ ಬರುವ ಅಪಾಯವೂ ಬದಲಾಗುತ್ತದಾ?

ಹೌದು, ಬದಲಾಗುತ್ತದೆ. ಆದರೆ ಎಲ್ಲ ಕ್ಯಾನ್ಸರ್‌ಗಳೂ ಒಂದೇ ವೇಗದಲ್ಲಿ ಬದಲಾಗುವುದಿಲ್ಲ.

ಜಪಾನ್‌ನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದವರನ್ನೇ ನೋಡಿ. ಹೇನ್ಸೆಲ್ ಮತ್ತು ಕುರಿಹಾರಾ 1968ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಬೇಗನೇ ಏರಿತ್ತು, ಆದರೆ ಜಪಾನ್‌ನಲ್ಲಿ ಜಾಸ್ತಿ ಇದ್ದ ಹೊಟ್ಟೆ ಕ್ಯಾನ್ಸರ್ ಅಷ್ಟು ಸುಲಭಕ್ಕೆ ಇಳಿದಿರಲಿಲ್ಲ, ಅದು ಚೆನ್ನಾಗಿ ಇಳಿದದ್ದು ಅಮೆರಿಕದಲ್ಲೇ ಹುಟ್ಟಿ ಬೆಳೆದ ಮಕ್ಕಳ ತಲೆಮಾರಿನಲ್ಲಿ. ವಂಶವಾಹಿ ಅಷ್ಟು ಬೇಗ ಬದಲಾಗಲ್ಲ, ಅಲ್ವಾ? ಬದಲಾದದ್ದು ಊಟ, ದುಡಿಮೆ, ಪರಿಸರ.

ಹಾಗಾದರೆ ಹೊಟ್ಟೆಯದು ಯಾಕೆ ನಿಧಾನ? ಅದರ ಮುಖ್ಯ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನೋ ಬ್ಯಾಕ್ಟೀರಿಯಾ. ಅದು ಸಾಮಾನ್ಯವಾಗಿ ಚಿಕ್ಕಂದಿನಲ್ಲೇ ಅಂಟಿಕೊಳ್ಳುತ್ತದೆ, ಚಿಕಿತ್ಸೆ ಮಾಡದಿದ್ದರೆ ದಶಕಗಟ್ಟಲೆ ಹೊಟ್ಟೆಯಲ್ಲೇ ಉಳಿಯುತ್ತದೆ. ವಿಮಾನ ಹತ್ತಿದ ಮಾತ್ರಕ್ಕೆ ಹೋಗುವುದಿಲ್ಲ. ಹೆಪಟೈಟಿಸ್ ಬಿ ವೈರಸ್ಸಿನಿಂದ ಬರುವ ಲಿವರ್ ಕ್ಯಾನ್ಸರ್ ಕಥೆಯೂ ಇದೇ.

ಹೋದ ವಯಸ್ಸೂ ಮುಖ್ಯ. ಬ್ರಿಟನ್‌ನಿಂದ ಆಸ್ಟ್ರೇಲಿಯಾಕ್ಕೆ ಎಳೆ ವಯಸ್ಸಿನಲ್ಲೇ ಹೋದವರಿಗೆ, ದೊಡ್ಡವರಾದ ಮೇಲೆ ಹೋದವರಿಗಿಂತ ಮೆಲನೋಮಾ ಅನ್ನೋ ಚರ್ಮದ ಕ್ಯಾನ್ಸರ್‌ನ ಅಪಾಯ ಜಾಸ್ತಿ, ಏಕೆಂದರೆ ಬಾಲ್ಯದ ಬಿಸಿಲಿನ ಪೆಟ್ಟು ದೊಡ್ಡದು.

ಹಾಗಾಗಿ ಡಾಕ್ಟರ್ ಹತ್ತಿರ ಹೋದಾಗ ಈಗಿನ ವಿಳಾಸ ಮಾತ್ರ ಹೇಳಬೇಡಿ. ಹುಟ್ಟಿ ಬೆಳೆದದ್ದು ಎಲ್ಲಿ ಅಂತಾನೂ ಹೇಳಿ, ಹೆಪಟೈಟಿಸ್ ಬಿ ಪರೀಕ್ಷೆ ಬೇಕಾ ಅಂತ ಕೇಳಿ.